ಬೆಂಕಿಗೂ ಉಸಿರು ಬೇಕು

ಅಕ್ಕಂದಿರೇ, ನಮ್ಮ ಕಾಳಗಿ ಕಡೆ ಒಲೆಗೆ ತೊಗರಿ ಕಟ್ಟಿಗೆ ಹಾಕುತ್ತೇವೆ. ಬೆಂಕಿ ಹತ್ತದಿದ್ದರೆ ಊದುತ್ತೇವೆ. ಯಾಕೆ? ಗಾಳಿಯಲ್ಲಿ ಆಮ್ಲಜನಕ ಇದೆ. ಅದಿಲ್ಲದೆ ಬೆಂಕಿ ಉರಿಯೋದಿಲ್ಲ.

ರಾಕೆಟ್ಟಿನಲ್ಲೂ ಬೆಂಕಿ ಉರಿಯುತ್ತದೆ. ಬಿಸಿ ಹೊಗೆ ಕೆಳಗೆ ನುಗ್ಗುತ್ತದೆ, ರಾಕೆಟ್ ಮೇಲೇರುತ್ತದೆ. ಆದರೆ ಬಹಳ ಮೇಲೆ ಗಾಳಿಯೇ ಇಲ್ಲ. ಅಲ್ಲಿ ಊದುವವರು ಯಾರು? ಅದಕ್ಕೇ ರಾಕೆಟ್ ಆಮ್ಲಜನಕವನ್ನೂ ಹೊತ್ತೊಯ್ಯುತ್ತದೆ. ಬಹಳ ತಂಪು ಮಾಡಿದರೆ ಅದು ನೀರಿನ ಹಾಗೆ ದ್ರವವಾಗುತ್ತದೆ. ಆಗ ಸಣ್ಣ ಟಾಕಿಯಲ್ಲೂ ಬಹಳ ಹಿಡಿಸುತ್ತದೆ.

1926ರಲ್ಲಿ ಅಮೆರಿಕದ ಗೊಡಾರ್ಡ್ ಎಂಬವರು ಪೆಟ್ರೋಲು, ದ್ರವ ಆಮ್ಲಜನಕ ಬಳಸಿ ಮೊದಲ ಬಾರಿ ರಾಕೆಟ್ ಹಾರಿಸಿದರು. ಅದು ಹಾರಿದ್ದು ಎರಡೂವರೆ ಸೆಕೆಂಡು ಮಾತ್ರ!

ಪೆಟ್ರೋಲಿಗಿಂತ ಜಲಜನಕ ಹೆಚ್ಚು ಬಲ ಕೊಡುತ್ತದೆ. ಆದರೆ ಅದನ್ನು ದ್ರವ ಮಾಡಲು ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಂಪು ಮಾಡಬೇಕು. ಈ ವಿದ್ಯೆ ಕೊಡುತ್ತೇವೆ ಎಂದಿದ್ದ ರಷ್ಯಾ, ಅಮೆರಿಕದ ಒತ್ತಡಕ್ಕೆ ಮಣಿದು 1993ರಲ್ಲಿ ಹಿಂದೆ ಸರಿಯಿತು.

ಇಸ್ರೋ ನಮ್ಮ ದೇಶದ ರಾಕೆಟ್ ಸಂಸ್ಥೆ. ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿನ ವಿಜ್ಞಾನಿಗಳು ತಾವೇ ಕಲಿಯತೊಡಗಿದರು. 2010ರಲ್ಲಿ ಹಾರಿಸಿದ ರಾಕೆಟ್ ಸಮುದ್ರಕ್ಕೆ ಬಿತ್ತು. ತಪ್ಪು ಹುಡುಕಿ ತಿದ್ದಿದರು. 2014ರ ಜನವರಿ 5ರಂದು ನಮ್ಮದೇ ಎಂಜಿನ್ ಉಪಗ್ರಹವನ್ನು ಮೇಲೆ ಮುಟ್ಟಿಸಿತು.

ಕಲಿಸುವವರು ಕೈಬಿಟ್ಟರೂ ಕಲಿಯುವವರು ಬಿಡಲಿಲ್ಲ, ನೋಡ್ರಿ.