ನೀರಿನ ನಾಡಿನಲ್ಲಿ ಸಂಶೋಧನೆ: ನಾಲ್ಕು ತಾಲ್ಲೂಕುಗಳ ಕೆಲವು ನಿದರ್ಶನಗಳು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಭೂಪಟದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೂ ನೀರಿನ ದೃಷ್ಟಿಯಿಂದ ಅವು ಎರಡು ಬೇರೆ ಲೋಕಗಳು. ಶ್ರೀರಂಗಪಟ್ಟಣದ ಸೀಮೆಗೆ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯಸಾಗರ ನಾಲೆಗಳಂತಹ ಒಡೆಯರ ಕಾಲದ ಕಾಲುವೆಗಳು ಶತಮಾನಗಳಿಂದ ನೀರುಣಿಸುತ್ತ ಬಂದಿವೆ. ನಾಗಮಂಗಲ ಹಾಗೂ ಮೇಲುಕೋಟೆಯ ಬೆನ್ನಿನ ಊರುಗಳು ಮಳೆಯನ್ನೂ ಕೆರೆಯನ್ನೂ ನೆಚ್ಚಿಕೊಂಡವು. ಹೇಮಾವತಿಯ ನಾಲೆಗಳು ಈ ಕಡೆಗೆ ಬಂದದ್ದು ಬಹಳ ತಡವಾಗಿ, ಅದೂ ಭಾಗಶಃ. ಈ ವ್ಯತ್ಯಾಸದಿಂದ ಹುಟ್ಟಿದ ಸಮಸ್ಯೆಗಳನ್ನು ಬೇರೆ ಬೇರೆ ಶಾಸ್ತ್ರಗಳ ವಿದ್ವಾಂಸರು ತಮ್ಮ ತಮ್ಮ ಉಪಕರಣಗಳಿಂದ ಹೇಗೆ ಎದುರಿಸಿದರು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿದ್ಯಾಲಯದ ಸಂಶೋಧನೆಗೂ ಹೊಲಗದ್ದೆಯ ಬದುಕಿಗೂ ಸಂಬಂಧವಿಲ್ಲವೆಂಬ ಮಾತು ನಮ್ಮಲ್ಲಿ ಸಾಮಾನ್ಯವಾಗಿದೆ. ಅದು ಪೂರ್ಣ ಸುಳ್ಳಲ್ಲ, ಆದರೆ ಪೂರ್ಣ ನಿಜವೂ ಅಲ್ಲ.

ಮೊದಲಿಗೆ ರೋಗದ ವಿಷಯ. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಮೇಲೆ ಅಲ್ಲಿ ಬೀಡುಬಿಟ್ಟ ಸೈನ್ಯ ಚಳಿಜ್ವರದಿಂದ ತತ್ತರಿಸಿತು. 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಲಾಯಿತು. ಇಂದಿನ ಬೆಂಗಳೂರು ದಂಡುಪ್ರದೇಶದ ಹುಟ್ಟಿಗೆ ಕಾವೇರಿ ಬಯಲಿನ ಜ್ವರವೂ ಒಂದು ಕಾರಣವೆಂಬುದು ಸ್ವಾರಸ್ಯದ ಸಂಗತಿ. ಸೈನ್ಯಕ್ಕೆ ಹೋಗಲು ಬೇರೆ ಊರಿತ್ತು. ಗದ್ದೆಯನ್ನು ನಂಬಿದ ರೈತನಿಗೆ ಇರಲಿಲ್ಲ. ಜ್ವರಕ್ಕೆ ಕೆಟ್ಟ ಗಾಳಿ ಕಾರಣವೆಂದು ಆಗ ತಿಳಿದಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಗುರುತಿಸಿದ್ದು 1897ರಲ್ಲಿ. ಅಷ್ಟರಿಂದಲೇ ಕಾವೇರಿ ತೀರದ ಪ್ರಶ್ನೆ ಬಗೆಹರಿಯಲಿಲ್ಲ. ಸೊಳ್ಳೆಗಳಲ್ಲಿ ಹಲವು ಜಾತಿಗಳಿವೆ. ಯಾವ ಊರಿನಲ್ಲಿ ಯಾವ ಜಾತಿ ರೋಗ ಹರಡುತ್ತದೆ, ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಗೊತ್ತಾಗದೆ ನಿಯಂತ್ರಣ ಸಾಧ್ಯವಿಲ್ಲ.

ಈ ಕೆಲಸವನ್ನು ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯ ವೇಳೆಗೆ ಕೈಗೆತ್ತಿಕೊಂಡಿತು. ಮಲೆನಾಡಿಗೆ ಮೂಡಿಗೆರೆ, ಬಯಲುಸೀಮೆಗೆ ಹಿರಿಯೂರು, ಕಾವೇರಿಯ ಕಾಲುವೆ ಪ್ರದೇಶಕ್ಕೆ ಮೈಸೂರಿನ ಸಮೀಪದ ನಾಗನಹಳ್ಳಿ, ಹೀಗೆ ಮೂರು ಬಗೆಯ ನೆಲದಲ್ಲಿ ಅಧ್ಯಯನ ಕೇಂದ್ರಗಳು ನಡೆದವು. ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ ಈ ಕಾರ್ಯದ ಪ್ರಮುಖರು. ದನದ ಕೊಟ್ಟಿಗೆಯಲ್ಲಿ, ಮಲಗುವ ಕೋಣೆಯಲ್ಲಿ, ಬಾವಿಯಲ್ಲಿ, ನಾಲೆಯ ಅಂಚಿನ ಹುಲ್ಲಿನಲ್ಲಿ ಸೊಳ್ಳೆ ಹಿಡಿಯುವುದು, ಅವನ್ನು ಜಾತಿವಾರು ಬೇರ್ಪಡಿಸುವುದು, ಮಕ್ಕಳ ಗುಲ್ಮದ ಊತವನ್ನು ಪರೀಕ್ಷಿಸಿ ಊರಿನ ರೋಗದ ಪ್ರಮಾಣವನ್ನು ಅಂದಾಜು ಮಾಡುವುದು ಅಂದಿನ ಮಲೇರಿಯಾ ಸಮೀಕ್ಷೆಯ ಕ್ರಮ. ನೋಡಲು ಇದು ಬಲು ಬೇಸರದ ಕೆಲಸ. ಆದರೆ ಮಲೆನಾಡಿನ ತೊರೆಗಳಲ್ಲಿ ಬೆಳೆಯುವ ಸೊಳ್ಳೆಯೇ ಬೇರೆ, ಕಾಲುವೆ ಬಯಲಿನ ಸೊಳ್ಳೆಯೇ ಬೇರೆ. ಒಂದು ಕಡೆ ಫಲಿಸಿದ ಉಪಾಯ ಇನ್ನೊಂದು ಕಡೆ ವ್ಯರ್ಥವಾಗುತ್ತದೆಂಬ ವಿವೇಕ ಇಂತಹ ಎಣಿಕೆಯಿಂದಲೇ ಬಂದದ್ದು.

ಇದೇ ವಿದ್ವಾಂಸರು 1930ರ ದಶಕದ ಉತ್ತರಾರ್ಧದಲ್ಲಿ ಅನಾಫಿಲೀಸ್ ಸ್ಟೀಫೆನ್ಸೈ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಮೊಟ್ಟೆಯ ಪಕ್ಕದ ತೇಲುಪೊರೆಯ ಏಣುಗಳ ಸಂಖ್ಯೆಯ ಆಧಾರದ ಮೇಲೆ ಅದರಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿದರು. ಎರಡನೆಯದಕ್ಕೆ ‘ಮೈಸೊರೆನ್ಸಿಸ್’ ಎಂದು ಹೆಸರಿಟ್ಟರು. ನಗರದ ಬಾವಿ ತೊಟ್ಟಿಗಳ ಬಗೆ ರೋಗ ಹರಡುವುದರಲ್ಲಿ ಚುರುಕು, ಮೈಸೊರೆನ್ಸಿಸ್ ನಮ್ಮ ಹಳ್ಳಿಗಳಲ್ಲಿ ಅಷ್ಟು ಅಪಾಯಕಾರಿಯಲ್ಲ. ಮೊಟ್ಟೆಯ ಏಣು ಎಣಿಸುವುದರಿಂದ ಯಾರಿಗೇನು ಪ್ರಯೋಜನವೆಂದು ಅಂದು ಯಾರಾದರೂ ಕೇಳಿದ್ದರೆ ಆಶ್ಚರ್ಯವಿಲ್ಲ. 2012ರಲ್ಲಿ ಇದೇ ಸ್ಟೀಫೆನ್ಸೈ ಸೊಳ್ಳೆ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡು, ಆ ಖಂಡದ ಇತರ ದೇಶಗಳಿಗೂ ಹಬ್ಬತೊಡಗಿತು. ಬಂದಿರುವುದು ಯಾವ ಬಗೆಯದು ಎಂಬ ಚರ್ಚೆಯಲ್ಲಿ ಇಂದು ಆಫ್ರಿಕದ ವಿಜ್ಞಾನಿಗಳೂ ಮೈಸೂರಿನ ಹೆಸರನ್ನು ಉಚ್ಚರಿಸಬೇಕಾಗಿದೆ.

ಕನ್ನಂಬಾಡಿ ಕಟ್ಟೆ 1911ರಲ್ಲಿ ಆರಂಭವಾಗಿ 1930ರ ದಶಕದ ಆದಿಯಲ್ಲಿ ಪೂರ್ಣಗೊಂಡಿತು. ಅದರ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದಾಗ ಹೊಸ ಪ್ರಶ್ನೆಗಳೆದ್ದವು. ರಾಗಿ ಬೆಳೆಯುತ್ತಿದ್ದ ಕೆಮ್ಮಣ್ಣಿನಲ್ಲಿ ಕಬ್ಬು, ಭತ್ತಗಳನ್ನು ಹೇಗೆ ಬೆಳೆಯಬೇಕು? ಮಂಡ್ಯದ ಬಳಿ 1931ರಲ್ಲಿ ಸ್ಥಾಪನೆಗೊಂಡ ನಾಲಾ ಕೃಷಿಕ್ಷೇತ್ರ, ಅಂದರೆ ಇಂದಿನ ವಿ.ಸಿ. ಫಾರಂ, ಇದಕ್ಕೆ ಉತ್ತರ ಹುಡುಕಲು ನಿಂತಿತು. ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ನರ ದೂರದೃಷ್ಟಿ ಇದರ ಹಿಂದಿದೆ. ಎಂಜಿನಿಯರಿಂಗ್ ಕಡೆಯಿಂದ ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರವು ಅಣೆಕಟ್ಟು, ಕೋಡಿ, ನಾಲೆಗಳ ಚಿಕ್ಕ ಮಾದರಿಗಳನ್ನು ಕಟ್ಟಿ, ನೀರು ಹರಿಸಿ, ನಿಜವಾದ ಕಟ್ಟಡದ ನಡವಳಿಕೆಯನ್ನು ಮುಂಚಿತವಾಗಿ ಊಹಿಸುವ ಕಾರ್ಯ ನಡೆಸಿದೆ.

ನಾಲೆಯ ನೀರು ಕಾಣದ ನಾಗಮಂಗಲದ ಬೆದ್ದಲು ಹೊಲಕ್ಕೆ ಇದರಿಂದ ಏನು ದೊರೆಯಿತು ಎಂದು ಓದುಗರು ಕೇಳಬಹುದು. ಉತ್ತರ ಅದೇ ವಿ.ಸಿ. ಫಾರಂನಿಂದ ಬಂದಿತು. ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಅಲ್ಲಿ ರಾಗಿಯ ತಳಿ ಸಂಶೋಧನೆಗೆ ತಮ್ಮ ಆಯುಷ್ಯವನ್ನೇ ತೊಡಗಿಸಿದರು. ರಾಗಿಯ ಹೂ ಅತಿ ಸಣ್ಣದು. ತನ್ನ ಪರಾಗವನ್ನು ತಾನೇ ಸ್ವೀಕರಿಸುವಂಥದು. ಎರಡು ತಳಿಗಳನ್ನು ಕೂಡಿಸುವುದು ಆದಕಾರಣ ಬಹು ಕಷ್ಟ. ಲಕ್ಷ್ಮಣಯ್ಯನವರು ನಾಡ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು 1970ರ ದಶಕದಿಂದ ರೈತರಿಗೆ ಕೊಟ್ಟರು. ಹೆಸರಿನಲ್ಲಿಯೇ ಇಂಡಿಯ, ಆಫ್ರಿಕಗಳೆರಡೂ ಇವೆ. ದಪ್ಪ ತೆನೆ, ಹೆಚ್ಚಿನ ಇಳುವರಿ ಇವುಗಳ ಲಕ್ಷಣ. ಬೆಂಕಿರೋಗದ ಕಾಟ ಮಾತ್ರ ಉಳಿಯಿತು. ಅದನ್ನು ತಾಳಿಕೊಳ್ಳುವ ಜಿ.ಪಿ.ಯು.-28 ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಮುಂದೆ 1990ರ ದಶಕದಲ್ಲಿ ರೂಪಿಸಿದಾಗ ಅದರ ವಂಶಾವಳಿಯಲ್ಲಿ ಇಂಡಾಫ್ ಇದ್ದೇ ಇತ್ತು. ಇತ್ತೀಚೆಗೆ ಸಿರಿಧಾನ್ಯಗಳಿಗೆ ಸಲ್ಲುತ್ತಿರುವ ಗೌರವದ ದಶಾಂಶವೂ ಈ ವಿಜ್ಞಾನಿಗೆ ಬದುಕಿದ್ದಾಗ ಸಂದಿತೆಂದು ಹೇಳಲಾಗದು.

ನೀರು ಬಂದರೆ ಊರು ಬದಲಾಗುತ್ತದೆ, ಬಾರದಿದ್ದರೆ ಹಿಂದುಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದನ್ನು ಪರೀಕ್ಷೆಗೆ ಒಡ್ಡಿದವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್. 1954ರಿಂದ 1956ರವರೆಗೆ ಅವರು ಮಂಡ್ಯದ ಆಸುಪಾಸಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಅವಕ್ಕೆ ವಂಗಳ, ದಳೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟು 1962ರಲ್ಲಿ ಗ್ರಂಥ ಪ್ರಕಟಿಸಿದರು. ವಂಗಳಕ್ಕೆ ನಾಲೆಯ ನೀರು ದೊರೆತಿತ್ತು. ದಳೇನದ ನೆಲ ನಾಲೆಯ ಮಟ್ಟಕ್ಕಿಂತ ಎತ್ತರವಾದುದರಿಂದ ಒಣಗಿಯೇ ಉಳಿದಿತ್ತು. ಅವರು ಕಂಡುಕೊಂಡದ್ದು ನಿರೀಕ್ಷೆಗೆ ತಿರುಗುಮುರುಗು. ನೀರಾವರಿ ಊರಿನಲ್ಲಿ ಹಣ ಬಂದಿತು, ಕಬ್ಬು ಬಂದಿತು, ಆದರೆ ಒಡೆಯ-ಆಳು ಸಂಬಂಧ, ಜಾತಿಯ ಕಟ್ಟುಪಾಡು ಬಹುಮಟ್ಟಿಗೆ ಹಾಗೆಯೇ ನಿಂತವು. ಬೇಸಾಯವೇ ಬೆಳೆದ ಕಾರಣ ಹಳೆಯ ವ್ಯವಸ್ಥೆ ಮುರಿಯುವ ಅಗತ್ಯ ಬೀಳಲಿಲ್ಲ. ಒಣ ಊರಿನವರು ಹೊಟ್ಟೆಪಾಡಿಗಾಗಿ ಹೊರಗೆ ನೋಡಬೇಕಾಯಿತು. ಪಟ್ಟಣದ ನೌಕರಿ, ವ್ಯಾಪಾರ, ಗಾಡಿ ಬಾಡಿಗೆಗಳ ಮೂಲಕ ಸುತ್ತಿನ ಸಮೃದ್ಧಿಯಲ್ಲಿ ಪಾಲು ಪಡೆದರು. ಅದರೊಡನೆ ಊರೊಳಗಿನ ಹಳೆಯ ಸಂಬಂಧಗಳೂ ಸಡಿಲಗೊಂಡವು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದು ಅಧ್ಯಯನ ಮುಂದುವರಿಸಿದರು. ನೀರಾವರಿ ಯೋಜನೆಯ ವರದಿಗಳು ಎಕರೆ, ಟನ್ನುಗಳನ್ನು ಮಾತ್ರ ಲೆಕ್ಕಹಾಕುತ್ತವೆ. ಕೂಲಿಯಾಳಿನ ಸ್ಥಿತಿ ಆ ಲೆಕ್ಕದಲ್ಲಿ ಬರುವುದಿಲ್ಲವೆಂಬುದನ್ನು ಇಂತಹ ಸಂಶೋಧನೆ ಮಾತ್ರ ಎತ್ತಿತೋರಿಸಬಲ್ಲದು.

ಶಾಸನಶಾಸ್ತ್ರವನ್ನು ಇಲ್ಲಿ ತರುವುದು ಕೆಲವರಿಗೆ ವಿಚಿತ್ರವೆನಿಸೀತು. ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕರಣವನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಕೈಗೊಂಡಾಗ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟದಲ್ಲಿಯೂ (1977) ನಾಗಮಂಗಲದವು ಏಳನೆಯ ಸಂಪುಟದಲ್ಲಿಯೂ (1979) ಅಚ್ಚಾದವು. ಕನ್ನಡ ಶಾಸನಗಳಲ್ಲಿ ಕಾಣುವ ಬಿಟ್ಟುವಟ್ಟ, ಕಟ್ಟುಕೊಡಗೆ ಎಂಬ ಪದಗಳು ಕೆರೆ ಕಟ್ಟಿಸಿದವರಿಗೆ ಅಥವಾ ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಬಿಟ್ಟ ಭೂಮಿಯನ್ನು ಸೂಚಿಸುತ್ತವೆ. ಹೂಳೆತ್ತುವ ಖರ್ಚು ಆ ಭೂಮಿಯ ಆದಾಯದಿಂದಲೇ ನಡೆಯಬೇಕೆಂಬ ಏರ್ಪಾಡು ಅದು. ಕೆರೆ ಏಕೆ ಉಳಿಯಿತು, ಏಕೆ ಹಾಳಾಯಿತು ಎಂದು ಕೇಳುವ ಇಂದಿನ ನೀರಾವರಿ ತಜ್ಞನಿಗೆ ಇದಕ್ಕಿಂತ ನೇರವಾದ ದಾಖಲೆ ಸಿಗಲಾರದು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ನೋಡಿ. ಜನ ಅದನ್ನು ರಾಮಾನುಜರ ಹೆಸರಿನೊಡನೆ ಸ್ಮರಿಸುತ್ತಾರೆ. ನಾಸಿರ್ ಜಂಗ್ ಅದಕ್ಕೆ ಮೋತಿ ತಲಾಬ್ ಎಂದು ಹೆಸರಿಟ್ಟನೆಂದೂ, ಶತ್ರುವಿಗೆ ನೀರು ಸಿಗದಿರಲೆಂದು ಟಿಪ್ಪು ಅದರ ಏರಿಯನ್ನು ಒಡೆಸಿದನೆಂದೂ ಗೆಜೆಟಿಯರುಗಳು ದಾಖಲಿಸಿವೆ. ಒಡೆದ ಕೆರೆಯನ್ನು ಮತ್ತೆ ಕಟ್ಟಿದುದರಿಂದಲೇ ಅದು ಇಂದಿಗೂ ತುಂಬುತ್ತಿದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ವಿದೇಶೀ ಯಾತ್ರಿಕರ ಬರಹಗಳನ್ನು ಕನ್ನಡಿಗರ ಕೈಗಿತ್ತದ್ದೂ ಈ ಬಗೆಯ ಇತಿಹಾಸಕ್ಕೆ ದೊಡ್ಡ ಉಪಕಾರ.

ಇತ್ತೀಚಿನ ಎರಡು ಪ್ರಸಂಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು-ಬೆಂಗಳೂರು ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಲಾಯಿತು. ಪುರಾತತ್ತ್ವಕ್ಕೂ ರೈಲ್ವೆಗೂ ನಡುವಣ ಹಗ್ಗಜಗ್ಗಾಟ ತಂತ್ರಜ್ಞಾನದಿಂದ ಮುಗಿಯಿತು. ಇನ್ನೊಂದು, ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಸೀಮೆಯ ಲಿಥಿಯಂ ನಿಕ್ಷೇಪ. 2020ರಲ್ಲಿ 14,100 ಟನ್ ಎಂದು ಪ್ರಚಾರವಾದ ಅಂದಾಜು, ಪರಮಾಣು ಖನಿಜ ನಿರ್ದೇಶನಾಲಯದ ಪರಿಶೀಲನೆಯ ನಂತರ 2021ರಲ್ಲಿ 1,600 ಟನ್ನಿಗೆ ಇಳಿಯಿತು. ಪತ್ರಿಕೆಗಳ ಉತ್ಸಾಹಕ್ಕೆ ಇದರಿಂದ ಪೆಟ್ಟುಬಿದ್ದಿರಬಹುದು, ಶಾಸ್ತ್ರಕ್ಕಲ್ಲ.

ಇನ್ನೂ ಇತ್ಯರ್ಥವಾಗದ ಪ್ರಶ್ನೆಯೊಂದು ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳದು. 2018ರ ಸೆಪ್ಟೆಂಬರಿನಲ್ಲಿ ಕೃಷ್ಣರಾಜಸಾಗರದ ಸುತ್ತ ಭಾರಿ ಶಬ್ದ ಕೇಳಿಬಂದಾಗ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಕಂಪನಮಾಪಕ ಅದನ್ನು ದಾಖಲಿಸಿತು. ಗಣಿ ಸ್ಫೋಟ ಅಣೆಕಟ್ಟಿಗೆ ಅಪಾಯ ತರಬಲ್ಲದೆಂಬ ಎಚ್ಚರಿಕೆಯೂ ಬಂದಿತು. ಸುರ್ಕಿ ಗಾರೆಯಿಂದ ಕಟ್ಟಿದ, ಶತಮಾನದ ವಯಸ್ಸಿನ ಕಲ್ಲುಗೋಡೆ ಎಷ್ಟು ಕಂಪನ ತಡೆದೀತು ಎಂಬುದು ಭೂಭೌತವಿಜ್ಞಾನದ ಪ್ರಶ್ನೆ. ಗಣಿಯಲ್ಲಿ ದುಡಿಯುವವರ ಅನ್ನ, ಕೆಳದಂಡೆಯ ಲಕ್ಷಾಂತರ ಜನರ ಪ್ರಾಣ, ಬೆಂಗಳೂರಿನ ಕುಡಿಯುವ ನೀರು ಇವೆಲ್ಲವೂ ಅದರ ಉತ್ತರಕ್ಕೆ ಜೋತುಬಿದ್ದಿವೆ. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆದು, ವೈಜ್ಞಾನಿಕ ಅಧ್ಯಯನ ಆಗಬೇಕೆಂದಿತು. ಅಧ್ಯಯನಕ್ಕಾಗಿ ಪ್ರಾಯೋಗಿಕ ಸ್ಫೋಟ ನಡೆಸುವ ಪ್ರಸ್ತಾವ ಬಂದಾಗ ರೈತರು ಅದನ್ನೇ ವಿರೋಧಿಸಿದರು. ಅಪಾಯವಿದೆಯೇ ಎಂದು ತಿಳಿಯಲು ಅಪಾಯವನ್ನೇ ಸೃಷ್ಟಿಸುವುದೇಕೆ ಎಂಬುದು ಅವರ ವಾದದ ತಿರುಳು. ಸ್ಫೋಟದ ಪ್ರಮಾಣ, ದೂರ, ಶಿಲೆಯ ಗುಣ ಇವುಗಳ ಸಂಬಂಧವನ್ನು ಅಳೆಯದೆ ಸುರಕ್ಷಿತ ಮಿತಿಯನ್ನು ಹೇಳಲಾಗದೆಂಬುದು ವಿಜ್ಞಾನಿಗಳ ಕ್ರಮ. ಎರಡರಲ್ಲಿಯೂ ತರ್ಕವಿದೆ. ಅಳತೆಯ ಅಂಕಿಗಳನ್ನು ಕನ್ನಡದಲ್ಲಿ, ಕಟ್ಟೇರಿಯ, ಬೇಬಿಯ ಗ್ರಾಮಸ್ಥರ ಮುಂದೆ ಇಟ್ಟು ಚರ್ಚಿಸುವ ಪದ್ಧತಿ ಇದ್ದಿದ್ದರೆ ಈ ವಿವಾದ ಇಷ್ಟು ದೂರ ಬರುತ್ತಿರಲಿಲ್ಲವೆಂದು ಈ ಲೇಖಕನ ಅನಿಸಿಕೆ.