ಗೇರ್‌ಬಾಕ್ಸ್ ಕೈಕೊಟ್ಟರೆ ಅದು ಡ್ರೈವರ್ ತಪ್ಪು ಮಾತ್ರವೇ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ 118 ಕಿ.ಮೀ. ರಸ್ತೆಯ ಟೋಲ್, ರಾಮನಗರದ ಹತ್ತಿರ ನಿಂತ ಮಳೆನೀರು, ಅಪಘಾತಗಳು, ಆಗಸ್ಟ್‌ನಿಂದ ಬೈಕು–ಆಟೋ–ಟ್ರ್ಯಾಕ್ಟರ್‌ಗಳಿಗೆ ಹಾಕಿದ ನಿಷೇಧ, ಎಲ್ಲವೂ ಚರ್ಚೆಯಾಗಿವೆ. ನಮ್ಮ ಬೈರಮಂಗಲದ ಕಡೆ ಈಗ ಇನ್ನೊಂದು ದೂರು ಕೇಳಿಬರ್ತಿದೆ. ಸಾಲ ಮಾಡಿ ಆಟೋಮ್ಯಾಟಿಕ್ ಕಾರು ತಗೊಂಡ ಹುಡುಗರು ಹೇಳುವುದು ಇಷ್ಟೇ: ‘ಊರೊಳಗೆ ಚೆನ್ನಾಗೇ ಓಡುತ್ತೆ, ಎಕ್ಸ್‌ಪ್ರೆಸ್‌ವೇಲಿ ಅರ್ಧ ಗಂಟೆ ನೂರರಲ್ಲಿ ಹೋದ್ರೆ ನಡುಗೋಕೆ ಶುರು ಮಾಡುತ್ತೆ.’

ನನ್ನ ಚಿಕ್ಕಪ್ಪನ ಮಗನ ಎಂಟು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ಚನ್ನಪಟ್ಟಣ ಬೈಪಾಸ್‌ನಲ್ಲಿ ತಾನಾಗೇ ನೂರರಿಂದ ಅರವತ್ತಕ್ಕೆ ಇಳಿಯಿತು. ಆಕ್ಸಿಲರೇಟರ್ ಒತ್ತಿದರೂ ಏಳಲಿಲ್ಲ, ಹಿಂದೆ ಲಾರಿ. ಸರ್ವಿಸ್ ಸೆಂಟರ್‌ನವರು ಕೇಳಿದ ಮೊದಲ ಪ್ರಶ್ನೆ, ‘ಜಾಸ್ತಿ ಸ್ಪೀಡ್ ಓಡಿಸಿದ್ರಾ ಸರ್?’

ಈ ಪ್ರಶ್ನೆಯ ಹಿಂದೆ ಒಂದು ರಾಜಕೀಯ ಇದೆ. ಅದಕ್ಕೆ ಬರುವ ಮೊದಲು ಯಂತ್ರವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

‘ಆಟೋಮ್ಯಾಟಿಕ್’ ಅನ್ನೋ ಒಂದೇ ಪದದಡಿ ನಮ್ಮಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಬಂದ ಎಎಂಟಿ ಅಸಲಿಗೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ನಿಮ್ಮ ಬದಲು ಒಂದು ಸಾಧನ ಮಾಡುತ್ತದೆ. ನೂರರಲ್ಲಿ ಒಂದೇ ಸಮನೆ ಹೋದರೆ ಅದಕ್ಕೆ ವಿಶೇಷ ಕಷ್ಟವಿಲ್ಲ. ಎರಡು ಕ್ಲಚ್‌ನ ಡಿಸಿಟಿಯಲ್ಲಿ ಒಣ ಕ್ಲಚ್ ಇದ್ದರೆ ಅದು ಬಿಸಿಯಾಗುವುದು ಹೆದ್ದಾರಿಯಲ್ಲಲ್ಲ, ನಾಯಂಡಹಳ್ಳಿಯಿಂದ ಕೆಂಗೇರಿ ತನಕ ತೆವಳುವ ಟ್ರಾಫಿಕ್‌ನಲ್ಲಿ. ಅಲ್ಲಿ ಸುಟ್ಟುಕೊಂಡ ಕ್ಲಚ್ಚಿನ ಅಪವಾದವನ್ನು ಎಕ್ಸ್‌ಪ್ರೆಸ್‌ವೇ ಹೊರುವುದೂ ಉಂಟು.

ಉಳಿದ ಎರಡು ಎಣ್ಣೆಯ ಮೇಲೆ ಬದುಕುವ ಯಂತ್ರಗಳು. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್‌ಗೆ ತಲುಪುವುದು ಎಣ್ಣೆಯ ಸುಳಿಯ ಮೂಲಕ. ವೇಗ ಹೆಚ್ಚಿದ ಮೇಲೆ ‘ಲಾಕ್‌ಅಪ್ ಕ್ಲಚ್’ ಎರಡನ್ನೂ ಗಟ್ಟಿಯಾಗಿ ಬೆಸೆಯುತ್ತದೆ. ಹಾಗೆ ಬೆಸೆದಾಗ ಜಾರುವಿಕೆ ಇಲ್ಲ, ಬಿಸಿಯೂ ಕಡಿಮೆ. ಅಂದರೆ ಆರೋಗ್ಯವಾಗಿರುವ ಗೇರ್‌ಬಾಕ್ಸ್‌ಗೆ ಹೆದ್ದಾರಿಯ ನೂರು ಕಿ.ಮೀ. ವೇಗ ವಿಶ್ರಾಂತಿ ಇದ್ದ ಹಾಗೆ. ಆದರೆ ಎಣ್ಣೆ ಹಳತಾಗಿ ಈ ಕ್ಲಚ್ ಹಿಡಿದು–ಬಿಟ್ಟು, ಹಿಡಿದು–ಬಿಟ್ಟು ಮಾಡತೊಡಗಿದರೆ, ರಸ್ತೆಯ ಸಣ್ಣ ಉಬ್ಬುಗಳ ಮೇಲೆ ಹೋದಂಥ ನಡುಕ ಬರುತ್ತದೆ. ಜಾರುವಿಕೆ ಬಿಸಿ ಹುಟ್ಟಿಸುತ್ತದೆ, ಬಿಸಿ ಎಣ್ಣೆಯನ್ನು ಕೆಡಿಸುತ್ತದೆ, ಕೆಟ್ಟ ಎಣ್ಣೆ ಇನ್ನಷ್ಟು ಜಾರಿಸುತ್ತದೆ. ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಸಾಮಾನ್ಯವಾಗಿ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವುದು ಎಣ್ಣೆಯ ಒತ್ತಡ. ಎಣ್ಣೆ ವಿಪರೀತ ಬಿಸಿಯಾದರೆ ಕಾರಿನ ಕಂಪ್ಯೂಟರ್ ಬೆಲ್ಟ್ ಉಳಿಸಲು ಎಂಜಿನ್ ಶಕ್ತಿಯನ್ನೇ ಕಡಿತ ಮಾಡುತ್ತದೆ. ಚನ್ನಪಟ್ಟಣದಲ್ಲಿ ನೂರು ಅರವತ್ತಾಗಿದ್ದು ಹೀಗೆ.

ವೇಗದ ಪಾತ್ರ ಇಲ್ಲವೇ? ಖಂಡಿತ ಇದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ನೂರರ ಬದಲು 140ರಲ್ಲಿ ಹೋದರೆ ಆ ಭಾಗಕ್ಕೆ ಬೇಕಾದ ಶಕ್ತಿ ಸುಮಾರು 2.7 ಪಟ್ಟು. ಐದು ಜನ, ಡಿಕ್ಕಿ ತುಂಬ ಲಗೇಜು, ಏಪ್ರಿಲ್ ಬಿಸಿಲು ಸೇರಿದರೆ ಕೇಳಲೇಬೇಡಿ. ಹಳೆಯ ರಸ್ತೆಯಲ್ಲಿ ಬಿಡದಿ ತಟ್ಟೆ ಇಡ್ಲಿ, ಮದ್ದೂರು ವಡೆ ಅಂತ ನಿಲ್ಲಿಸುತ್ತಿದ್ದೆವು, ಕಾರಿಗೂ ಉಸಿರು ಸಿಗುತ್ತಿತ್ತು. ಈಗ ಆ ಊರುಗಳೆಲ್ಲ ಬೈಪಾಸ್‌ನಾಚೆ. ಆದರೆ ಕಾನೂನು ಅನುಮತಿಸಿದ ನೂರರಲ್ಲೇ ನಡುಕ ಬಂದರೆ ‘ಜಾಸ್ತಿ ಸ್ಪೀಡ್’ ಅನ್ನೋ ಉತ್ತರ ನಿಲ್ಲುವುದಿಲ್ಲ.

ಇನ್ನು ಎಣ್ಣೆಯ ರಾಜಕೀಯ. ‘ಲೈಫ್‌ಟೈಮ್ ಫ್ಲೂಯಿಡ್, ಬದಲಿಸಬೇಕಿಲ್ಲ’ ಅಂತ ಹೇಳಿ ಮಾರುವ ಕಾರುಗಳಿವೆ. ಸರ್ವಿಸ್ ಖರ್ಚು ಕಡಿಮೆ ಅಂತ ಜಾಹೀರಾತಿನಲ್ಲಿ ತೋರಿಸಲು ಇದು ಅನುಕೂಲ. ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿ ಮಾತ್ರ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷಕ್ಕೆ ಎಣ್ಣೆ ಬದಲಿಸಿ ಅನ್ನುತ್ತದೆ. ಹಾಗಾದರೆ ಯಾರ ‘ಲೈಫ್‌ಟೈಮ್’? ವಾರಂಟಿಯದ್ದಾ, ಕಾರಿನದ್ದಾ? ಮ್ಯಾನ್ಯುಯಲ್ ಪುಸ್ತಕದ ಸಣ್ಣ ಅಕ್ಷರಗಳನ್ನು ಓದಿ. ‘ಕಠಿಣ ಪರಿಸ್ಥಿತಿ’ಗೆ ಬೇರೆಯೇ ವೇಳಾಪಟ್ಟಿ ಇರುವುದುಂಟು. ಧೂಳು, ಸೆಕೆ, ನಿಂತು–ಹೊರಡುವ ಟ್ರಾಫಿಕ್, ಭಾರ, ದೀರ್ಘಕಾಲದ ಹೈಸ್ಪೀಡ್ ಇಂಥವೇ ಆ ಪಟ್ಟಿಯಲ್ಲಿ ಬರುತ್ತವೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರ ಒಂದು ದಿನದ ಬದುಕೇ ಅದು! ಮೊದಲ ಮಾಲೀಕ ವಾರಂಟಿ ಮುಗಿಸಿ ಮಾರುತ್ತಾನೆ. ಬಿಲ್ ಬರುವುದು ಎರಡನೆಯವನಿಗೆ, ಅಂದರೆ ಇಎಂಐ ಕಟ್ಟುವ ನಮ್ಮ ಹುಡುಗರಿಗೆ.

ವಿಪರ್ಯಾಸ ನೋಡಿ. ಬೈರಮಂಗಲದ ಪಕ್ಕದ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2004ರಿಂದ ಗೇರ್‌ಬಾಕ್ಸ್ ಮಾಡಿ ಹೊರದೇಶಕ್ಕೂ ಕಳಿಸಿದೆ. ಗೇರ್‌ಬಾಕ್ಸ್ ಜೋಡಿಸಿದ ಕೈಗಳು ಈ ಸೀಮೆಯಲ್ಲೇ ಇವೆ. ಆದರೆ ಇಲ್ಲಿನ ಸಾಮಾನ್ಯ ಮೆಕ್ಯಾನಿಕ್ ಬಳಿ ಆಟೋಮ್ಯಾಟಿಕ್ ಕಾರು ಒಯ್ದರೆ ‘ಕಂಪನಿಗೇ ತಗೊಂಡೋಗಣ್ಣ’ ಅಂತಾನೆ. ಕೋಡ್ ಓದುವ ಸಾಫ್ಟ್‌ವೇರ್, ದುರಸ್ತಿ ಕೈಪಿಡಿ ಅವನಿಗೆ ಸಿಗುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿ ಹಕ್ಕು’ ಸಮಿತಿ ಮಾಡಿ, ಪೋರ್ಟಲ್ ಕೂಡ ತೆರೆಯಿತು. ಪೋರ್ಟಲ್ ಇರುವುದೇ ಬೇರೆ, ಮೆಕ್ಯಾನಿಕ್ ಕೈಗೆ ಸ್ಕ್ಯಾನರ್ ಬರುವುದೇ ಬೇರೆ.

ನನ್ನ ಮುಖ್ಯ ತಕರಾರು ಕಾನೂನಿನ ಜಾಗದಲ್ಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಸೆಕ್ಷನ್ ಪ್ರಕಾರ, ಚಾಲಕನಿಗೋ ರಸ್ತೆಯ ಇತರರಿಗೋ ಅಪಾಯ ತರುವ ದೋಷವಿದ್ದರೆ ಸರ್ಕಾರ ವಾಹನಗಳನ್ನು ಹಿಂದಕ್ಕೆ ಕರೆಸಬಹುದು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಲ್ಲಿ 1 ಕೋಟಿ ರೂ. ವರೆಗೂ ದಂಡವಿದೆ. ಆದರೆ ಗೇರ್‌ಬಾಕ್ಸ್ ನಡುಕವನ್ನು ‘ಆರಾಮಕ್ಕೆ ಸಂಬಂಧಿಸಿದ್ದು’ ಅಂತ ತಳ್ಳಿಹಾಕುವುದು ಸುಲಭ. ಹಳೆಯ ರಸ್ತೆಯಲ್ಲಿ ಅದನ್ನು ಒಪ್ಪಬಹುದಿತ್ತು, ಕಾರು ನಿಂತರೆ ಟೀ ಅಂಗಡಿ ಮುಂದೆ ನಿಲ್ಲುತ್ತಿತ್ತು. ಬೇಲಿ ಹಾಕಿದ, ಎಲ್ಲೆಡೆ ಪಕ್ಕಕ್ಕೆ ಸರಿಯಲು ಅಗಲ ಜಾಗವಿಲ್ಲದ ರಸ್ತೆಯಲ್ಲಿ, ಹಿಂದಿನ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತಿರುವಾಗ ಎಳೆತ ಕಳೆದುಕೊಳ್ಳುವುದು ಬ್ರೇಕ್ ಫೇಲ್ ಆದಷ್ಟೇ ಸುರಕ್ಷತೆಯ ಪ್ರಶ್ನೆ. ರಸ್ತೆ ಬದಲಾಗಿದೆ, ದೋಷದ ವ್ಯಾಖ್ಯಾನವೂ ಬದಲಾಗಬೇಕು. ಇನ್ನೊಂದು ತೂತು: ಈ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ಚಿಕ್ಕಪ್ಪನ ಮಗನ ಕಾರು ಲೆಕ್ಕಕ್ಕೇ ಇಲ್ಲ.

ಏಳು ವರ್ಷದೊಳಗಿನ ಕಾರಾದರೆ ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಿ. ವಾರ್ಷಿಕ ಮಾರಾಟಕ್ಕೆ ತಕ್ಕಷ್ಟು ದೂರುಗಳು ಸೇರಿದರಷ್ಟೇ ಚಕ್ರ ತಿರುಗುವುದು, ಹಾಗಾಗಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೈದುಕೊಂಡರೆ ಲೆಕ್ಕಕ್ಕೆ ಸಿಗಲ್ಲ. ಸರ್ವಿಸ್ ಸೆಂಟರ್‌ನವರ ಮಾತನ್ನು ಜಾಬ್ ಕಾರ್ಡ್ ಮೇಲೆ ಬರೆಸಿಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಬೇಕಾಗುವುದು ಆ ಕಾಗದವೇ.

ರಸ್ತೆಯಲ್ಲೇ ನಡುಕ ಬಂದರೆ, ಎಚ್ಚರಿಕೆ ದೀಪ ಹತ್ತಿದರೆ ಆಕ್ಸಿಲರೇಟರ್ ತುಳಿದು ಪರೀಕ್ಷೆ ಮಾಡಬೇಡಿ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ, ಮೊದಲು ಸಿಗುವ ಎಕ್ಸಿಟ್‌ನಲ್ಲಿ ಇಳಿಯಿರಿ. ಹಲವು ಕಾರುಗಳಲ್ಲಿ ‘ಪಿ’ಗೆ ಹಾಕಿ ಎಂಜಿನ್ ಓಡುತ್ತಲೇ ಬಿಟ್ಟರೆ ಎಣ್ಣೆ ಕೂಲರ್ ಮೂಲಕ ಹರಿದು ತಣಿಯುತ್ತದೆ, ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತದೆ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ. ಇಳಿಯಲಾಗದೆ ನಿಂತೇಬಿಟ್ಟರೆ ಹಜಾರ್ಡ್ ದೀಪ ಹಾಕಿ, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು 1033ಕ್ಕೆ ಫೋನ್ ಮಾಡಿ. ಹಗ್ಗ ಕಟ್ಟಿ ಎಳೆಯಲು ಬರುವವರಿಗೆ ಬೇಡ ಅನ್ನಿ. ಎಂಜಿನ್ ಓಡದೆ ಚಕ್ರ ತಿರುಗಿದರೆ ಬಹುತೇಕ ಆಟೋಮ್ಯಾಟಿಕ್‌ಗಳಲ್ಲಿ ಎಣ್ಣೆ ಪಂಪ್ ಕೆಲಸ ಮಾಡುವುದಿಲ್ಲ, ಉಳಿದಿದ್ದ ಗೇರ್‌ಬಾಕ್ಸೂ ಬಿಡದಿ ತಲುಪುವಷ್ಟರಲ್ಲಿ ಹಾಳಾಗಬಹುದು. ನಾಲ್ಕೂ ಚಕ್ರ ಮೇಲೆತ್ತಿ ಸಾಗಿಸುವ ಗಾಡಿಯೇ ಬೇಕು ಅಂತ ಫೋನಿನಲ್ಲೇ ಹೇಳಿ.