ಕುದುರೆಯ ಮೈಬಣ್ಣ ಮತ್ತು ಒಡೆಯರ ಒಲವು

ಕುದುರೆಯ ಮೈಬಣ್ಣದ ಆಯ್ಕೆ ಎಂದರೆ ಕುದುರೆಯನ್ನು ಕೊಳ್ಳುವಾಗ, ಸಾಕುವಾಗ ಅಥವಾ ಅದರ ತಳಿಯನ್ನು ಬೆಳೆಸುವಾಗ ಒಡೆಯರು ನಿರ್ದಿಷ್ಟ ಬಣ್ಣಗಳಿಗೆ ಹಾಗೂ ಗುರುತುಗಳಿಗೆ ಕೊಡುವ ಪ್ರಾಶಸ್ತ್ಯ. ಈ ಒಲವು ಬಹಳ ಪ್ರಾಚೀನವಾದುದು. ಧಾರ್ಮಿಕ ನಂಬಿಕೆ, ಯುದ್ಧದ ಅಗತ್ಯ, ರಾಜವೈಭವ, ತಳಿ ಸಂಘಗಳ ನಿಯಮ ಮತ್ತು ಮಾರುಕಟ್ಟೆಯ ಬೇಡಿಕೆ ಇವೆಲ್ಲವೂ ಅದನ್ನು ರೂಪಿಸಿವೆ. ಒಂದು ನಾಡಿನಲ್ಲಿ ಮಂಗಳಕರವೆನಿಸಿದ ಗುರುತು ಮತ್ತೊಂದು ನಾಡಿನಲ್ಲಿ ದೋಷವೆನಿಸಿರುವುದೂ ಉಂಟು. ಕುದುರೆಯ ವೇಗ ಮತ್ತು ದುಡಿಮೆಯ ಶಕ್ತಿಯನ್ನು ಮೈಬಣ್ಣ ನಿರ್ಧರಿಸುವುದಿಲ್ಲ. ಆದರೆ ಕೆಲವು ಬಣ್ಣಗಳಿಗೆ ಕಾರಣವಾದ ವಂಶವಾಹಿಗಳು ಕುದುರೆಯ ಆರೋಗ್ಯದ ಮೇಲೆ ಪರಿಣಾಮ ಬೀರುವುದರಿಂದ ಬಣ್ಣದ ಆಯ್ಕೆ ಕೇವಲ ಅಭಿರುಚಿಯ ವಿಷಯವಾಗಿ ಉಳಿದಿಲ್ಲ.

ಬಣ್ಣಗಳ ಮೂಲ

ಕುದುರೆಯ ಮೂಲ ಬಣ್ಣಗಳು ಮೂರು. ಮೈಯೆಲ್ಲ ಕೆಂಪಾಗಿದ್ದು ಕೇಸರವೂ ಬಾಲವೂ ಕೆಂಪಾಗಿಯೇ ಇರುವುದು ಒಂದು. ಇದನ್ನು ಇಂಗ್ಲಿಷಿನಲ್ಲಿ ಚೆಸ್ಟ್‌ನಟ್ ಎನ್ನುತ್ತಾರೆ. ಕಂದು ಮೈ, ಕಪ್ಪು ಕೇಸರ, ಕಪ್ಪು ಬಾಲ ಹಾಗೂ ಕಪ್ಪು ಕಾಲುಗಳುಳ್ಳದ್ದು ಎರಡನೆಯದು. ಇದಕ್ಕೆ ಬೇ ಎಂದು ಹೆಸರು. ಪೂರ್ಣ ಕಪ್ಪು ಮೂರನೆಯದು. ಎರಡು ವಂಶವಾಹಿಗಳ ಹೊಂದಾಣಿಕೆಯಿಂದ ಈ ಮೂರು ಬಣ್ಣಗಳು ಉಂಟಾಗುತ್ತವೆ. ಅವುಗಳಲ್ಲಿ ಒಂದು ಕಪ್ಪು ವರ್ಣದ್ರವ್ಯ ತಯಾರಾಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸಿದರೆ, ಇನ್ನೊಂದು ಆ ಕಪ್ಪು ಮೈಯಲ್ಲೆಲ್ಲ ಹರಡಬೇಕೇ ಅಥವಾ ಕಾಲು, ಕೇಸರ, ಬಾಲಗಳಿಗೆ ಸೀಮಿತವಾಗಬೇಕೇ ಎಂಬುದನ್ನು ನಿರ್ಧರಿಸುತ್ತದೆ. ಕೆಂಪು ಬಣ್ಣ ಅಪ್ರಬಲ ಗುಣವಾದುದರಿಂದ ಎರಡು ಕೆಂಪು ಕುದುರೆಗಳಿಗೆ ಹುಟ್ಟುವ ಮರಿಯ ಮೂಲಬಣ್ಣವೂ ಕೆಂಪೇ ಆಗಿರುತ್ತದೆ.

ಉಳಿದ ಬಣ್ಣಗಳೆಲ್ಲ ಈ ಮೂರರ ಮೇಲೆ ಬೇರೆ ವಂಶವಾಹಿಗಳು ಬೀರುವ ಪ್ರಭಾವದ ಫಲ. ಬಣ್ಣವನ್ನು ತಿಳಿಗೊಳಿಸುವ ಕ್ರೀಮ್ ವಂಶವಾಹಿಯ ಒಂದು ಪ್ರತಿ ಕೆಂಪು ಕುದುರೆಯಲ್ಲಿದ್ದರೆ ಅದು ಹೊನ್ನಿನ ಮೈ ಮತ್ತು ಬಿಳಿಯ ಕೇಸರವುಳ್ಳ ಪಾಲೊಮಿನೊ ಆಗುತ್ತದೆ. ಎರಡು ಪ್ರತಿಗಳಿದ್ದರೆ ಮೈ ಕೆನೆಬಣ್ಣಕ್ಕೆ ತಿರುಗಿ ಕಣ್ಣುಗಳು ನೀಲಿಯಾಗುತ್ತವೆ. ಈ ಕಾರಣದಿಂದ ಪಾಲೊಮಿನೊ ಬಣ್ಣವನ್ನು ತಲೆಮಾರಿನಿಂದ ತಲೆಮಾರಿಗೆ ಬದಲಾಗದಂತೆ ಉಳಿಸಿಕೊಳ್ಳುವುದು ಸಾಧ್ಯವಿಲ್ಲ. ಎರಡು ಪಾಲೊಮಿನೊಗಳನ್ನು ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳು ಮಾತ್ರ ಹೊನ್ನಿನ ಬಣ್ಣದವಾಗುತ್ತವೆ. ಕಾಲುಭಾಗ ಕೆಂಪಾಗಿಯೂ ಕಾಲುಭಾಗ ಕೆನೆಬಣ್ಣವಾಗಿಯೂ ಹುಟ್ಟುತ್ತವೆ.

ಸಾಮಾನ್ಯವಾಗಿ ಬಿಳಿ ಎಂದು ಕರೆಯುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ಬಿಳಿಯಾಗಿರುವುದಿಲ್ಲ. ಅವು ಕಪ್ಪು, ಕಂದು ಅಥವಾ ಕೆಂಪಾಗಿ ಹುಟ್ಟಿ ವರ್ಷಗಳು ಕಳೆದಂತೆ ಬೂದುಬಣ್ಣಕ್ಕೆ ತಿರುಗಿ ಕೊನೆಗೆ ಬೆಳ್ಳಗಾಗುತ್ತವೆ. ಅವುಗಳ ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಇವನ್ನು ಗ್ರೇ ಎಂದು ಕರೆಯಲಾಗುತ್ತದೆ. ಗುಲಾಬಿ ಚರ್ಮದೊಂದಿಗೆ ಬಿಳಿಯಾಗಿಯೇ ಹುಟ್ಟುವ ಕುದುರೆಗಳು ವಿರಳ.

ಪ್ರಾಚೀನ ಕಾಲದ ಆಯ್ಕೆ

ಪಳೆಯುಳಿಕೆಗಳಿಂದ ಪಡೆದ ವಂಶವಾಹಿಗಳ ಅಧ್ಯಯನದಂತೆ, ಹಿಮಯುಗದ ಕಾಡುಕುದುರೆಗಳು ಹೆಚ್ಚಾಗಿ ಕಂದು ಅಥವಾ ಕಪ್ಪು ಬಣ್ಣದವಾಗಿದ್ದವು. ಕೆಲವು ಚಿರತೆಯಂತೆ ಚುಕ್ಕೆಯುಳ್ಳವಾಗಿದ್ದವು. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯ ಚುಕ್ಕೆ ಕುದುರೆಗಳ ಚಿತ್ರಗಳು ಕೇವಲ ಕಲ್ಪನೆಯಾಗಿರಲಾರವು ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ. ಕುದುರೆಯನ್ನು ಪಳಗಿಸಿದ ಬಳಿಕ, ಸುಮಾರು 5000 ವರ್ಷಗಳ ಹಿಂದಿನಿಂದ, ಕೆಂಪು, ಮಚ್ಚೆ ಮುಂತಾದ ಹೊಸ ಬಣ್ಣಗಳು ವೇಗವಾಗಿ ಹೆಚ್ಚಿದವು. ಕಾಡಿನಲ್ಲಿ ಎದ್ದುಕಾಣುವ ಬಣ್ಣ ಪ್ರಾಣಕ್ಕೆ ಎರವಾಗುವಂಥದು. ಮನುಷ್ಯನ ಆರೈಕೆಯಲ್ಲಿ ಅದೇ ಬಣ್ಣ ಮೆಚ್ಚಿಗೆಗೆ ಕಾರಣವಾಯಿತು. ಯುರೋಪಿನಲ್ಲಿ ಮಧ್ಯಯುಗದ ವೇಳೆಗೆ ಚುಕ್ಕೆ ಮತ್ತು ಮಚ್ಚೆಯ ಕುದುರೆಗಳ ಸಂಖ್ಯೆ ಇಳಿದು ಏಕವರ್ಣದ, ಅದರಲ್ಲೂ ಕೆಂಪು ಕುದುರೆಗಳ ಸಂಖ್ಯೆ ಏರಿದುದನ್ನು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಒಡೆಯರ ಅಭಿರುಚಿ ಕಾಲಕಾಲಕ್ಕೆ ಬದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಭಾರತೀಯ ಪರಂಪರೆಯಲ್ಲಿ

ಭಾರತದ ಪುರಾಣ ಮತ್ತು ಕಾವ್ಯಗಳಲ್ಲಿ ಕುದುರೆಯ ಬಣ್ಣಕ್ಕೆ ವಿಶೇಷ ಸ್ಥಾನವಿದೆ. ಸಮುದ್ರಮಥನದಲ್ಲಿ ಹುಟ್ಟಿದ ಉಚ್ಚೈಃಶ್ರವಸ್ಸು ಬಿಳಿಯ ಕುದುರೆ. ಅದರ ಬಾಲದ ಬಣ್ಣ ಬಿಳುಪೋ ಕಪ್ಪೋ ಎಂಬ ವಿಷಯದಲ್ಲಿ ಕದ್ರು ಮತ್ತು ವಿನತೆಯರು ಪಂಥ ಕಟ್ಟಿದರೆಂದೂ, ಅದರಲ್ಲಿ ಮೋಸಹೋದ ವಿನತೆ ದಾಸಿಯಾದಳೆಂದೂ ಮಹಾಭಾರತದ ಆದಿಪರ್ವ ಹೇಳುತ್ತದೆ. ರಥಕ್ಕೆ ಬಿಳಿಯ ಕುದುರೆಗಳನ್ನು ಹೂಡಿದ್ದರಿಂದ ಅರ್ಜುನನಿಗೆ ಶ್ವೇತವಾಹನ ಎಂಬ ಹೆಸರಿದೆ. ಸೂರ್ಯನಿಗೆ ಹರಿದಶ್ವ ಎಂಬ ಹೆಸರು ಬಂದುದೂ ಅವನ ಕುದುರೆಗಳ ಬಣ್ಣದಿಂದಲೇ. ದ್ರೋಣಪರ್ವದಲ್ಲಿ ಯೋಧರ ಕುದುರೆಗಳ ಬಣ್ಣಗಳನ್ನು ಒಂದೊಂದಾಗಿ ವರ್ಣಿಸಲಾಗಿದೆ. ಅಶ್ವಮೇಧದ ಕುದುರೆಯನ್ನು ಲಕ್ಷಣ ನೋಡಿಯೇ ಆಯಬೇಕಿತ್ತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಂತಹ ಲಕ್ಷಣವುಳ್ಳ ಕುದುರೆಗಾಗಿಯೇ ಭೀಮನು ಯೌವನಾಶ್ವನ ಭದ್ರಾವತಿಗೆ ಹೋಗುತ್ತಾನೆ.

ಶಾಲಿಹೋತ್ರ, ನಕುಲ ಮುಂತಾದವರ ಹೆಸರಿನಲ್ಲಿ ಪ್ರಚಲಿತವಾಗಿರುವ ಅಶ್ವಶಾಸ್ತ್ರದ ಗ್ರಂಥಗಳು ಕುದುರೆಯ ಬಣ್ಣ, ಗುರುತು ಹಾಗೂ ಮೈಮೇಲಿನ ಸುಳಿಗಳ ಫಲಾಫಲಗಳನ್ನು ವಿವರಿಸುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಕುದುರೆಗಳ ವಿಷಯವಿದೆ. ಅದೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರನು ತನ್ನ ನಿಘಂಟಿನಲ್ಲಿ ಬಿಳಿಯ ಕುದುರೆಗೆ ಕೋಕಾಹ, ಹಾಲುಬಣ್ಣದ ಕುದುರೆಗೆ ಸೇರಾಹ, ಕಪ್ಪು ಕುದುರೆಗೆ ಖುಂಗಾಹ ಎಂಬಂತಹ ಹೆಸರುಗಳನ್ನು ಕೊಟ್ಟಿದ್ದಾನೆ. ಇವು ಸಂಸ್ಕೃತ ಮೂಲದವಲ್ಲ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಕುದುರೆ ವ್ಯಾಪಾರಿಗಳೊಂದಿಗೆ ಬಂದ ಪದಗಳೆಂದು ವಿದ್ವಾಂಸರು ಭಾವಿಸುತ್ತಾರೆ. ಮುಂದೆ ಹಿಂದೂಸ್ತಾನಿ ಮಾತಿನ ಮೂಲಕ ಕುಮೈತ್, ಮುಷ್ಕಿ, ಸಬ್ಜಾ, ಅಬ್ಲಕ್, ನುಕ್ರಾ ಎಂಬ ಹೆಸರುಗಳು ಬಳಕೆಗೆ ಬಂದವು. ಇವು ಕ್ರಮವಾಗಿ ಕಂದು, ಕಪ್ಪು, ಬೂದು, ದೊಡ್ಡ ಮಚ್ಚೆಯುಳ್ಳ ಹಾಗೂ ಗುಲಾಬಿ ಚರ್ಮದ ಬಿಳಿ ಕುದುರೆಗಳನ್ನು ಸೂಚಿಸುತ್ತವೆ.

ನಾಲ್ಕು ಕಾಲುಗಳೂ ಮುಖವೂ ಬಿಳಿಯಾಗಿರುವ ಕುದುರೆಯನ್ನು ಪಂಚಕಲ್ಯಾಣಿ ಎಂದು ಕರೆಯಲಾಗುತ್ತದೆ. ಇದರೊಡನೆ ಎದೆ, ಕೇಸರ ಮತ್ತು ಬಾಲಗಳೂ ಬಿಳಿಯಾಗಿದ್ದರೆ ಅದು ಅಷ್ಟಮಂಗಲ. ಇವೆರಡೂ ಒಡೆಯನಿಗೆ ಶುಭಕರವೆಂಬುದು ರೂಢಿಯ ನಂಬಿಕೆ. ರಾಜಸ್ಥಾನದ ಮಾರವಾಡಿ ತಳಿಯ ಸಾಕಣೆದಾರರಲ್ಲಿ ಈ ನಂಬಿಕೆ ಇಂದಿಗೂ ಬಲವಾಗಿದೆ. ಆ ತಳಿಯಲ್ಲಿ ಬೂದು ಮತ್ತು ಮಚ್ಚೆಯ ಕುದುರೆಗಳಿಗೆ ಹೆಚ್ಚಿನ ಬೆಲೆಯಿದೆ. ಕಪ್ಪು ಬಣ್ಣವು ಸಾವು ಮತ್ತು ಕತ್ತಲೆಯ ಸಂಕೇತವೆಂದು ಭಾವಿಸಿ ಪೂರ್ಣ ಕಪ್ಪು ಕುದುರೆಯನ್ನು ಅಶುಭವೆಂದು ದೂರವಿಡುವವರಿದ್ದಾರೆ. ಮಹಾರಾಣಾ ಪ್ರತಾಪನ ಚೇತಕ್ ನೀಲಿಛಾಯೆಯ ಕುದುರೆಯಾಗಿತ್ತೆಂದು ರಾಜಸ್ಥಾನದ ಜನಪದ ಪರಂಪರೆ ಹೇಳುತ್ತದೆ. ಇಲ್ಲಿ ನೀಲಿ ಎಂದರೆ ಬೂದುಬಣ್ಣದ ಒಂದು ಛಾಯೆ. ಉತ್ತರ ಭಾರತದ ಮದುವೆಗಳಲ್ಲಿ ವರನನ್ನು ಬಿಳಿಯ ಹೆಣ್ಣು ಕುದುರೆಯ ಮೇಲೆ ಕೂರಿಸುವ ಪದ್ಧತಿಯಿಂದಾಗಿ ಬಿಳಿ ಕುದುರೆಗಳಿಗೆ ವಿಶೇಷ ಬೇಡಿಕೆಯಿದೆ.

ಇತರ ದೇಶಗಳಲ್ಲಿ

ಇಂಗ್ಲೆಂಡ್ ಮತ್ತು ಅಮೆರಿಕದ ಹಳೆಯ ನಂಬಿಕೆ ಭಾರತದ್ದಕ್ಕೆ ನೇರ ವಿರುದ್ಧವಾಗಿತ್ತು. ಒಂದು ಬಿಳಿ ಕಾಲಿನ ಕುದುರೆಯನ್ನು ಕೊಳ್ಳಬಹುದು, ನಾಲ್ಕೂ ಬಿಳಿಯಾಗಿದ್ದರೆ ಕೊಳ್ಳಬಾರದು ಎಂಬ ಭಾವದ ಆಡುಮಾತುಗಳು ಅಲ್ಲಿ ಪ್ರಚಲಿತವಾಗಿದ್ದವು. ಬಿಳಿಯ ಗೊರಸು ಮೆತ್ತಗಿದ್ದು ಬೇಗ ಸವೆಯುತ್ತದೆ ಎಂಬುದು ಇದಕ್ಕೆ ಕೊಡುತ್ತಿದ್ದ ಕಾರಣ. ಗೊರಸಿನ ಬಲಕ್ಕೂ ಅದರ ಬಣ್ಣಕ್ಕೂ ಸಂಬಂಧವಿಲ್ಲವೆಂಬುದು ಈಗಿನ ತಿಳಿವಳಿಕೆ. ಪಂಚಕಲ್ಯಾಣಿಯೆಂದು ಭಾರತದಲ್ಲಿ ಹೆಚ್ಚು ಬೆಲೆ ಬರುತ್ತಿದ್ದ ಕುದುರೆಯೇ ಅಲ್ಲಿ ಸಂತೆಯಿಂದ ಮಾರಾಟವಾಗದೆ ಹಿಂತಿರುಗಬಹುದಿತ್ತು.

ಯುರೋಪಿನ ಕೆಲವು ತಳಿಗಳಲ್ಲಿ ಬಣ್ಣವೇ ತಳಿಯ ಗುರುತು. ನೆದರ್ಲೆಂಡ್ಸಿನ ಫ್ರೀಷಿಯನ್ ಕುದುರೆ ಕಪ್ಪಾಗಿರಬೇಕು. ಹಣೆಯ ಮೇಲೆ ಚಿಕ್ಕ ಬಿಳಿ ಚುಕ್ಕೆಗೆ ಮಾತ್ರ ಅವಕಾಶವಿದೆ. ಇಂಗ್ಲೆಂಡಿನ ಕ್ಲೀವ್‌ಲೆಂಡ್ ಬೇ ಕಂದು ಬಣ್ಣಕ್ಕೂ, ಸಫೊಕ್ ಪಂಚ್ ಕೆಂಪು ಬಣ್ಣಕ್ಕೂ ಮೀಸಲು. ಚೆಕ್ ದೇಶದ ಕ್ಲಾಡ್ರುಬರ್ ತಳಿಯಲ್ಲಿ ಬೂದು ಕುದುರೆಗಳನ್ನು ರಾಜಸಮಾರಂಭಗಳಿಗೂ ಕಪ್ಪು ಕುದುರೆಗಳನ್ನು ಧರ್ಮಗುರುಗಳ ಸೇವೆಗೂ ಬೆಳೆಸಲಾಗುತ್ತಿತ್ತು. ವಿಯೆನ್ನಾದ ಸ್ಪ್ಯಾನಿಷ್ ಅಶ್ವಾರೋಹಣ ಶಾಲೆಯ ಲಿಪಿಜಾನರ್ ಕುದುರೆಗಳು ಬಿಳುಪಿಗೆ ಪ್ರಸಿದ್ಧ. ಆದರೂ ಅದೃಷ್ಟದ ಗುರುತಾಗಿ ಒಂದು ಕಂದು ಕುದುರೆಯನ್ನು ಅಲ್ಲಿ ಇಟ್ಟುಕೊಳ್ಳುವ ಸಂಪ್ರದಾಯವಿದೆ. ಅಮೆರಿಕದಲ್ಲಿ ನೆಜ್ ಪರ್ಸ್ ಬುಡಕಟ್ಟಿನ ಜನ ಬೆಳೆಸಿದ ಚುಕ್ಕೆ ಕುದುರೆಗಳ ಪರಂಪರೆಯನ್ನು ಉಳಿಸಲು 1938ರಲ್ಲಿ ಅಪಲೂಸಾ ಸಂಘ ಸ್ಥಾಪನೆಯಾಯಿತು.

ಯುದ್ಧ ಮತ್ತು ಸಮಾರಂಭ

ಸೈನ್ಯಗಳಲ್ಲಿ ಬಣ್ಣದ ಆಯ್ಕೆಗೆ ಪ್ರಾಯೋಗಿಕ ಕಾರಣಗಳಿದ್ದವು. ಸೈನ್ಯದಲ್ಲಿ ಕಹಳೆಗಾರನನ್ನು ದೂರದಿಂದಲೇ ಗುರುತಿಸುವಂತಾಗಲು ಅವನಿಗೆ ಬೂದು ಅಥವಾ ಬಿಳಿ ಕುದುರೆಯನ್ನು ಕೊಡುವ ರೂಢಿ ಬೆಳೆಯಿತು. ಭಾರತದ ರಾಷ್ಟ್ರಪತಿಗಳ ಅಂಗರಕ್ಷಕ ದಳದಲ್ಲಿಯೂ ಸವಾರರು ಕಂದು ಕುದುರೆಗಳನ್ನೂ ಕಹಳೆಗಾರನು ಬೂದು ಕುದುರೆಯನ್ನೂ ಏರುತ್ತಾರೆ. ಬಂದೂಕುಗಳ ಗುರಿ ನಿಖರವಾದಂತೆ ಬಿಳಿ ಕುದುರೆ ಶತ್ರುವಿನ ಕಣ್ಣಿಗೆ ಸುಲಭವಾಗಿ ಬೀಳತೊಡಗಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಬೂದು ಕುದುರೆಗಳಿಗೆ ಹೆಸರಾಗಿದ್ದ ಬ್ರಿಟನ್ನಿನ ಸ್ಕಾಟ್ಸ್ ಗ್ರೇಸ್ ದಳವು ತನ್ನ ಕುದುರೆಗಳಿಗೆ ಕಂದುಬಣ್ಣ ಹಚ್ಚಬೇಕಾಯಿತು.

ಪಂದ್ಯದ ಕುದುರೆಗಳಲ್ಲಿ ಬಣ್ಣಕ್ಕಿಂತ ವಂಶಾವಳಿ ಮತ್ತು ಓಟಕ್ಕೇ ಬೆಲೆ. ಆದರೂ ಅಪರೂಪದ ಬಣ್ಣ ಜನಪ್ರಿಯತೆಯನ್ನು ತರುತ್ತದೆ. ಜಪಾನಿನ ಬಿಳಿಯ ಹೆಣ್ಣು ಕುದುರೆ ಸೊಡಾಶಿ 2020ರಲ್ಲಿ ಅತ್ಯುನ್ನತ ದರ್ಜೆಯ ಪಂದ್ಯವನ್ನು ಗೆದ್ದು ಅಪಾರ ಅಭಿಮಾನಿಗಳನ್ನು ಗಳಿಸಿತು. ಒಳ್ಳೆಯ ಕುದುರೆಗೆ ಕೆಟ್ಟ ಬಣ್ಣವೆಂಬುದಿಲ್ಲ ಎಂಬ ಅರ್ಥದ ನಾಣ್ಣುಡಿ ಇಂಗ್ಲಿಷ್ ಕುದುರೆಗಾರರಲ್ಲಿದೆ.

ಬಣ್ಣ ಮತ್ತು ಸ್ವಭಾವ

ಕೆಂಪು ಕುದುರೆ, ಅದರಲ್ಲೂ ಕೆಂಪು ಹೆಣ್ಣು ಕುದುರೆ, ಮುಂಗೋಪಿ ಎಂಬ ನಂಬಿಕೆ ಅನೇಕ ದೇಶಗಳಲ್ಲಿದೆ. ಕೆಂಪು ಮತ್ತು ಕಂದು ಕುದುರೆಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಈ ನಂಬಿಕೆಯನ್ನು ಸಮರ್ಥಿಸಲಿಲ್ಲ. ಕೆಂಪು ಕುದುರೆಗಳು ಅಪರಿಚಿತ ವಸ್ತುಗಳ ಬಳಿಗೆ ತುಸು ಹೆಚ್ಚು ಧೈರ್ಯದಿಂದ ಹೋಗುತ್ತವೆ ಎಂಬುದಷ್ಟೇ ಅದರಲ್ಲಿ ಕಂಡುಬಂದಿತು. ಕುದುರೆಯ ನಡತೆಯಲ್ಲಿ ಅದಕ್ಕೆ ದೊರೆತ ತರಬೇತಿ, ಆಹಾರ ಮತ್ತು ಒಡೆಯನ ವರ್ತನೆಯ ಪಾತ್ರ ದೊಡ್ಡದು. ಕೋಪಿಷ್ಠವೆಂದು ಮೊದಲೇ ನಂಬಿ ಕಡಿವಾಣವನ್ನು ಬಿಗಿಯಾಗಿ ಹಿಡಿದರೆ ಸಾಧುಪ್ರಾಣಿಯೂ ತಿರುಗಿಬೀಳುವ ಸಾಧ್ಯತೆಯಿದೆ.

ಬಣ್ಣಕ್ಕೆ ನಿಜವಾದ ಪ್ರಯೋಜನವಿರುವ ಒಂದು ಸಂಗತಿಯೂ ಬೆಳಕಿಗೆ ಬಂದಿದೆ. ಕಪ್ಪು ಮತ್ತು ಕಂದು ಮೈಯಿಂದ ಪ್ರತಿಫಲಿಸುವ ಧ್ರುವೀಕೃತ ಬೆಳಕು ರಕ್ತ ಹೀರುವ ಕುದುರೆನೊಣಗಳನ್ನು ಸೆಳೆಯುತ್ತದೆ. ಬಿಳಿ ಕುದುರೆಗಳಿಗೆ ಈ ನೊಣಗಳ ಕಾಟ ಕಡಿಮೆಯೆಂದು ಹಂಗೇರಿಯ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು.

ಬಣ್ಣದ ಮೋಹ ಮತ್ತು ಆರೋಗ್ಯ

ಕೇವಲ ಬಣ್ಣವನ್ನು ಲಕ್ಷಿಸಿ ತಳಿ ಬೆಳೆಸುವುದರಿಂದ ಕುದುರೆಗಳಿಗೆ ಹಾನಿಯಾಗಬಹುದು. ಮುಖ್ಯವಾದ ಉದಾಹರಣೆಗಳು ಹೀಗಿವೆ.

ಬೂದು ಕುದುರೆಗಳು: ಮೈಯನ್ನು ಬಿಳುಪಾಗಿಸುವ ವಂಶವಾಹಿಯೇ ಚರ್ಮದಲ್ಲಿ ಮೆಲನೋಮಾ ಎಂಬ ಗಡ್ಡೆಗಳ ಸಾಧ್ಯತೆಯನ್ನು ಹೆಚ್ಚಿಸುತ್ತದೆ. 15 ವರ್ಷ ದಾಟಿದ ಬೂದು ಕುದುರೆಗಳಲ್ಲಿ ಬಹುಪಾಲು ಕುದುರೆಗಳಿಗೆ, ಸಾಮಾನ್ಯವಾಗಿ ಬಾಲದ ಕೆಳಗೆ, ಇಂತಹ ಗಡ್ಡೆಗಳು ಕಾಣಿಸಿಕೊಳ್ಳುತ್ತವೆ. ಆರಂಭದಲ್ಲಿ ಅವು ನಿಧಾನವಾಗಿ ಬೆಳೆಯುತ್ತವೆಯಾದರೂ ಕೆಲವು ಮುಂದೆ ಅಪಾಯಕಾರಿಯಾಗುತ್ತವೆ.

ಫ್ರೇಮ್ ಮಾದರಿಯ ಮಚ್ಚೆಗಳು: ಅಮೆರಿಕದ ಪೇಂಟ್ ಮುಂತಾದ ತಳಿಗಳಲ್ಲಿ ಮೆಚ್ಚುಗೆ ಪಡೆದ ಈ ಮಚ್ಚೆಗೆ ಕಾರಣವಾದ ವಂಶವಾಹಿಯ ಒಂದು ಪ್ರತಿಯಿದ್ದರೆ ತೊಂದರೆಯಿಲ್ಲ. ಎರಡು ಪ್ರತಿಗಳನ್ನು ಪಡೆದ ಮರಿ ಬಹುತೇಕ ಪೂರ್ಣ ಬಿಳಿಯಾಗಿ ಹುಟ್ಟುತ್ತದೆ. ಅದರ ಕರುಳಿನಲ್ಲಿ ಅಗತ್ಯವಾದ ನರಕೋಶಗಳಿರುವುದಿಲ್ಲ. ಹೊಟ್ಟೆನೋವಿನಿಂದ ನರಳಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ತಂದೆತಾಯಿಗಳೆರಡೂ ಈ ವಂಶವಾಹಿಯ ವಾಹಕಗಳಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಹೀಗಾಗುವ ಸಂಭವ ನಾಲ್ಕರಲ್ಲಿ ಒಂದು. ಮಚ್ಚೆ ಹೊರಗೆ ಕಾಣದ ಕುದುರೆಯೂ ವಾಹಕವಾಗಿರಬಹುದಾದುದರಿಂದ ಕಣ್ಣಳತೆಯನ್ನು ನಂಬುವಂತಿಲ್ಲ.

ಚಿರತೆ ಚುಕ್ಕೆಗಳು: ಅಪಲೂಸಾ ಮತ್ತು ಡೆನ್ಮಾರ್ಕಿನ ನಾಬ್‌ಸ್ಟ್ರಪ್ಪರ್ ತಳಿಗಳಲ್ಲಿ ಕಾಣುವ ಚುಕ್ಕೆಯ ವಂಶವಾಹಿಯ ಎರಡು ಪ್ರತಿಗಳಿದ್ದರೆ ಕುದುರೆಗೆ ಹುಟ್ಟಿನಿಂದಲೇ ಇರುಳುಗುರುಡು ಇರುತ್ತದೆ. ಇಂತಹ ಕುದುರೆ ಹಗಲಿನಲ್ಲಿ ಸಹಜವಾಗಿ ವರ್ತಿಸಿದರೂ ಮುಸ್ಸಂಜೆಯ ಸವಾರಿಯಲ್ಲಿ ತಾನೂ ಅಪಾಯಕ್ಕೊಳಗಾಗಿ ಸವಾರನನ್ನೂ ಅಪಾಯಕ್ಕೊಡ್ಡುತ್ತದೆ.

ಗುಲಾಬಿ ಚರ್ಮದ ಬಿಳಿ ಮತ್ತು ಕೆನೆಬಣ್ಣದ ಕುದುರೆಗಳು: ಇವುಗಳ ಚರ್ಮವು ಬಿಸಿಲಿಗೆ ಬೇಗ ಸುಡುತ್ತದೆ. ಮೂತಿ ಮತ್ತು ಕಣ್ಣಿನ ಸುತ್ತ ವಿಶೇಷ ಆರೈಕೆ ಹಾಗೂ ಮಧ್ಯಾಹ್ನದ ವೇಳೆ ನೆರಳು ಅಗತ್ಯ.

ಪ್ರಸ್ತುತ ಸ್ಥಿತಿ

ಈಗ ಕೇಸರ ಅಥವಾ ಬಾಲದ ಕೆಲವು ಕೂದಲುಗಳನ್ನು ಬುಡಸಹಿತ ಕಿತ್ತು ಪ್ರಯೋಗಾಲಯಕ್ಕೆ ಕಳುಹಿಸಿದರೆ ಕುದುರೆಯು ಹೊತ್ತಿರುವ ಬಣ್ಣದ ವಂಶವಾಹಿಗಳನ್ನು ತಿಳಿಯಬಹುದು. ಕೂಡಿಸುವ ಮುನ್ನ ಗಂಡು ಹೆಣ್ಣು ಎರಡನ್ನೂ ಪರೀಕ್ಷಿಸಿದರೆ ಮಾರಕ ದೋಷವುಳ್ಳ ಮರಿ ಹುಟ್ಟುವುದನ್ನು ಸಂಪೂರ್ಣವಾಗಿ ತಪ್ಪಿಸಬಹುದು. ಅದಕ್ಕಾಗಿ ಮೆಚ್ಚಿನ ಬಣ್ಣವನ್ನು ಕೈಬಿಡಬೇಕಾಗಿಯೂ ಇಲ್ಲ. ಬಣ್ಣದ ನಿಯಮಗಳು ಕೆಲವೆಡೆ ಸಡಿಲಗೊಂಡಿವೆ. ಅಮೆರಿಕದ ಕ್ವಾರ್ಟರ್ ಹಾರ್ಸ್ ಸಂಘವು ಹೆಚ್ಚು ಬಿಳಿ ಗುರುತುಗಳುಳ್ಳ ಕುದುರೆಗಳನ್ನು ನೋಂದಾಯಿಸಬಾರದೆಂಬ ನಿಯಮವನ್ನು 2004ರಲ್ಲಿ ಕೈಬಿಟ್ಟಿತು. ಕುದುರೆಯನ್ನು ಕೊಳ್ಳುವವರು ಮೊದಲು ಕಾಲು, ಗೊರಸು, ಹಲ್ಲು, ಉಸಿರಾಟ, ಕಣ್ಣು ಮತ್ತು ನಡಿಗೆಯನ್ನು ಪಶುವೈದ್ಯರಿಂದ ಪರೀಕ್ಷಿಸಿಕೊಂಡು, ಬಣ್ಣವನ್ನು ಕೊನೆಯಲ್ಲಿ ಪರಿಗಣಿಸುವುದು ಸೂಕ್ತವಾದ ಕ್ರಮ.